ಹಸಿರು ಕೊಳವೆಯ ಚೀಟಿ

ಧಾರವಾಡ
೩೦ ಫೆಬ್ರವರಿ ೨೨೧೪

ಗೌರವಾನ್ವಿತ ಕಸ್ತೂರಿ ಹೂಲಿಯವರಿಗೆ,

ತಾರೀಖು ನೋಡಿ ನಗಬೇಡಿ. ನಿಮಗಿಂತ ಸುಮಾರು ಇನ್ನೂರು ವರ್ಷ ಮುಂದಿನ ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಬರೆಯಲು ಕಲಿತದ್ದು ಬಹುಪಾಲು ನಿಮ್ಮ ನೋಟುಬುಕ್ಕುಗಳಿಂದ. ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮ ಪ್ರಯೋಗಾಲಯ ಇದ್ದ ಕಟ್ಟಡದಲ್ಲೇ ಈಗ ನಮ್ಮ ಜೀವಕೋಠಿ ಇದೆ. ಎಂದರೆ ಪಾಚಿ, ಹುಳು, ಬ್ಯಾಕ್ಟೀರಿಯಾಗಳನ್ನು ಗಾಜಿನ ಕೊಳವೆಗಳಲ್ಲಿ ಬದುಕಿಸಿಡುವ ಮನೆ. ಮಧ್ಯಾಹ್ನ ಊರಿಗೆಲ್ಲ ಕರೆಂಟು ಇರುವುದಿಲ್ಲ. ಆಗ ಒದ್ದೆ ಗೋಣಿ ಹೊದಿಸಿ ಕೊಳವೆಗಳನ್ನು ತಂಪಾಗಿಡುತ್ತೇವೆ. ಹದಿನೈದು ದಿನಕ್ಕೊಮ್ಮೆ ಪ್ರತಿ ಕೊಳವೆಯಿಂದ ಒಂದು ಹನಿಯನ್ನು ಹೊಸ ನೀರಿಗೆ ಹಾಕುತ್ತೇವೆ. ನೀವು ಅದನ್ನು ದಾಟಿಸುವುದು ಎಂದು ಬರೆದಿದ್ದೀರಿ. ನಾವೂ ಹಾಗೇ ಅನ್ನುತ್ತೇವೆ. ಜಾಗ ಸಾಲದ್ದರಿಂದ ವರ್ಷಕ್ಕೊಮ್ಮೆ ‘ಹಗುರದ ದಿನ’ ಬರುತ್ತದೆ. ಅಂದು ಬೇಡವಾದವನ್ನು ಕುದಿಸಿ ಚೆಲ್ಲುತ್ತೇವೆ. ಯಾವುದು ಬೇಡ ಎಂದು ಪಟ್ಟಿ ಮಾಡುವವಳು ನಾನು.

ನನ್ನ ಮಗಳು ಅಚಲಾಗೆ ಹನ್ನೊಂದನೇ ವಯಸ್ಸಿನಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಮಬ್ಬಾಗತೊಡಗಿತು. ಆ ಪದರದಲ್ಲಿ ಜೀವಕೋಶಗಳನ್ನು ಹಿಡಿದಿಡುವ ಪ್ರೋಟೀನಿಗೆ ಒಂದು ಅಂಟುವ ಭಾಗವಿದೆ. ನಾವು ಅದನ್ನು ಅಂಟುಮಡಿಕೆ ಎನ್ನುತ್ತೇವೆ. ಅವಳಲ್ಲಿ ಅದು ಕೆಟ್ಟು ಉಂಡೆಗಟ್ಟುತ್ತಿತ್ತು. ಉಂಡೆಗಟ್ಟದ ಬೇರೊಂದು ಅಂಟುಮಡಿಕೆ ಸಿಕ್ಕದಿದ್ದರೆ ದೃಷ್ಟಿ ಹೋಗುವುದು ಖಚಿತವಾಗಿತ್ತು. ನಾನು ಮನುಷ್ಯರಿಗೆ ಹತ್ತಿರದ ಪ್ರಾಣಿಗಳಲ್ಲೇ ಹುಡುಕಿದೆ. ಪ್ರೋಟೀನು ಮಣಿಸರದಂತೆ, ಮಣಿಗಳ ಕ್ರಮ ಹೋಲಿದರೆ ಸಂಬಂಧಿ, ಇಲ್ಲದಿದ್ದರೆ ಅಲ್ಲ ಎಂದು ಎಣಿಸುವುದು ನಮ್ಮ ಕಸುಬಿನವರ ಹಳೆಯ ಚಟ. ನೀವು ಕೆರೆಯಿಂದ ತಂದು ಕೊಳವೆಯಲ್ಲಿ ಬೆಳೆಸಿದ ಹಸಿರು ಪಾಚಿಯ ಪ್ರೋಟೀನು ನೂರಕ್ಕೆ ಹದಿನಾರರಷ್ಟು ಮಾತ್ರ ಹೋಲುತ್ತಿತ್ತು. ಅದನ್ನು ಚೆಲ್ಲುವ ಪಟ್ಟಿಗೆ ಸೇರಿಸಿದೆ.

ಕೊಳವೆಗಳನ್ನು ನೋಡಿಕೊಳ್ಳುವ ದ್ಯಾಮವ್ವ ಅದನ್ನು ಕುದಿಸದೆ ನನ್ನ ಮೇಜಿಗೆ ತಂದಿಟ್ಟಳು.

“ಮ್ಯಾಡಮ್ಮಾರ, ಹೂಲಿಯವರು ‘ಕೋಶಗಳನ್ನು ಬಿಡಿಸಿದರೂ ಮತ್ತೆ ಕೂಡುತ್ತವೆ, ಒಗೆಯಬೇಡಿ’ ಅಂತ ಚೀಟಿ ಅಂಟಿಸ್ಯಾರ್ರಿ. ನೀವು ಹೇಳಿದ್ರ ಒಗೀತೀನಿ. ಆದ್ರ ಚೀಟಿ ಮಾತ್ರ ನೀವ ಹರೀರಿ.”

ನನಗೆ ಹರಿಯಲಾಗಲಿಲ್ಲ. ದೊಡ್ಡ ಮನಸ್ಸಿನಿಂದಲ್ಲ, ಅವಳೆದುರು ನಾಚಿಕೆಯಾಗಿ. ಆಮೇಲೆ ಕ್ರಮ ಬಿಟ್ಟು ಆಕಾರ ನೋಡಲು ಕುಳಿತೆ. ಮಣಿಗಳು ಬೇರೆ, ಮಡಿಕೆ ಅದೇ. ಪಾಚಿಯ ಕೋಶಗಳನ್ನು ಒಟ್ಟಿಗೆ ಹಿಡಿದದ್ದೂ ನನ್ನ ಮಗಳ ಕಣ್ಣನ್ನು ಹಿಡಿಯಬೇಕಾದದ್ದೂ ಒಂದೇ ಪುರಾತನ ಅಂಟು. ಪಾಚಿಯದು ಉಂಡೆಗಟ್ಟುತ್ತಿರಲಿಲ್ಲ.

ಅದನ್ನು ಅಚಲಾಳ ಕಣ್ಣಿಗೆ ಹೊಂದಿಸಲು ಎರಡು ವರ್ಷ ಹಿಡಿಯಿತು. ಕಳೆದ ವಾರ ಬ್ಯಾಂಡೇಜು ಬಿಚ್ಚಿದರು. ಅಚಲಾ ಮೊದಲು ಕೇಳಿದ್ದು ನಿಮ್ಮ ನೋಟುಬುಕ್ಕು. ಪುಟ ತಿರುವಿ, “ಅವ್ವಾ, ಇವರ ಅಕ್ಷರ ನಿನ್ನವಕ್ಕಿಂತ ಛಲೋ ಅದಾವ,” ಎಂದಳು. ಆಮೇಲೆ ಒಂದು ಸಾಲನ್ನು ತಾನೇ ಓದಿದಳು: ‘ಇವತ್ತು ಬಹಳ ಬೇಸರ. ಯಾರಿಗೆ ಬೇಕು ಈ ಪಾಚಿ? ದಾಟಿಸಿದೆ.’

ಈ ಕಾಗದದಲ್ಲಿ ಕೃತಜ್ಞತೆ ಎಷ್ಟು, ನನ್ನ ತಪ್ಪೊಪ್ಪಿಗೆ ಎಷ್ಟು ಎಂದು ನನಗೇ ತಿಳಿಯದು. ಎರಡನ್ನೂ ಸ್ವೀಕರಿಸಿ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ಹೋಗಿ ನಿಮ್ಮ ಕೈ ಸೇರುವ ಹೊತ್ತಿಗೆ ಆ ಬೇಸರದ ಸಾಲನ್ನು ನೀವು ಇನ್ನೂ ಬರೆದಿರಲಿಕ್ಕಿಲ್ಲ. ಆ ದಿನ ಬಂದಾಗ ಬೇಕಾದಷ್ಟು ಬೇಸರಪಡಿ, ಯಾರಿಗೆ ಬೇಕು ಎಂದು ಖಂಡಿತ ಕೇಳಿ.

ಕೇಳಿದ ಮೇಲೆ, ಒಂದು ಹನಿ ದಾಟಿಸಿ.

ನಿಮ್ಮ ಋಣದಲ್ಲಿರುವ
ನೀಲಗಂಗಾ