ಹಸಿರು ಆಕಾಶ

ನವೆಂಬರ್ ೧೨, ಮಂಗಳವಾರ

ನಾಳೆ ಬೆಳಗ್ಗೆಯೇ ವಾಪಸ್ ರೈಲಿತ್ತು. ಈ ಹಳೆಯ ಚಿತ್ರಗಳ ಊರಿಗೆ ಎರಡು ದಿನ ಸಾಕು ಎಂದವನು ನಾನೇ. ‘ಎರಡೇ ದಿನದ ವಾಸ, ಆಮೇಲೆ ಬರೀ ಆಯಾಸ’ ಎಂದು ಪ್ರಾಸವನ್ನೂ ಕಟ್ಟಿದ್ದೆ. ಅಕ್ಕ ನಗಲಿಲ್ಲ.

ನಿವೃತ್ತಿಯಾಗುವವರೆಗೂ ಅವಳು ಚಿತ್ರಕಲೆಯ ಟೀಚರು. ನಾನೂ ಅವಳ ಶಾಲೆಯಲ್ಲೇ ಕಲಿತವನು; ಅವಳ ತರಗತಿಯ ಗೋಡೆಗೆ ಅಂಟಿಸಿದ್ದ ಒಂದು ಅಚ್ಚಿನ ಪಟ ನೋಡಿ ನಾವೆಲ್ಲ ಸೇತುವೆ, ನದಿ, ಹಸಿರು ಆಕಾಶ ಬರೆದವರು. ಇವತ್ತು ಸಂಗ್ರಹಾಲಯದಲ್ಲಿ ಅದರ ಮೂಲಚಿತ್ರ ಸಿಕ್ಕಿತು. ಆಕಾಶ ಅಚ್ಚ ನೀಲಿ.

“ನಮ್ಮ ಪಟದ ಕಾಗದ ಹಳದಿ ತಿರುಗಿತ್ತು ಕಣೋ. ನೀಲಿ ಬಳಿದೋರಿಗೆಲ್ಲ ನಾನೇ ಮಾರ್ಕ್ಸ್ ಕಡಿಮೆ ಕೊಟ್ಟಿದ್ದೆ.”

“ಅದಕ್ಕೇ ಅಕ್ಕ, ನಾನು ಕಾಮರ್ಸ್ ತಗೊಂಡಿದ್ದು.”

ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಾವಲುಗಾರ ಗದರಲು ಬಂದವನು ಕುರ್ಚಿ ತಂದುಕೊಟ್ಟ. ಬಾಗಿಲು ಹಾಕುವವರೆಗೂ ಆ ಒಂದೇ ಚಿತ್ರದ ಮುಂದೆ ಕೂತಳು.

“ಮಿಕ್ಕ ಚಿತ್ರಗಳನ್ನೆಲ್ಲ ಪಟದಲ್ಲಿದ್ದ ಹಾಗೇ ನಂಬ್ಕೊಂಡು ಹೋಗ್ಲೇನೋ?”

ಟಿಕೆಟ್ ರದ್ದು ಮಾಡಿಸಿದೆ. ಇನ್ನೆಷ್ಟು ದಿನ ಇರ್ತೀರಿ ಎಂದು ಹೋಟೆಲಿನ ಒಡತಿ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಕ್ಕ, “ದಿನಕ್ಕೊಂದು ಚಿತ್ರ ಅಂದ್ಕೊಳ್ಳಿ” ಎಂದಳು. ಒಡತಿ ನಮ್ಮ ಬೀಗದಕೈ ವಾಪಸ್ ತೆಗೆದುಕೊಂಡು, ಅಡುಗೆಮನೆ ಇರುವ ಕೋಣೆಯದನ್ನು ಕೊಟ್ಟಳು.

ಅಕ್ಕ ಈಗ ಒಲೆ ಹಚ್ಚಿ ನೋಡುತ್ತಿದ್ದಾಳೆ. ಬರೆಯುತ್ತಲೇ ನನಗೆ ಕಣ್ಣು ಎಳೆಯುತ್ತಿದೆ, ಆದರೂ…