ನನ್ನ ಸಹಿ ಬೇಕಾದ ಮನೆ

ಪ್ರೀತಿಯ ಅಣ್ಣನಿಗೆ,

ನಾನು ಸಹಿ ಹಾಕಬೇಕಾದ ಮೂರೂ ಕಡೆ ನೀನು ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿರುವುದನ್ನು ಬೆಳಿಗ್ಗೆ ನೋಡಿದೆ. ಅಪ್ಪನ ಮನೆಯಲ್ಲಿ ನನ್ನ ಪಾಲನ್ನು ಬಿಟ್ಟುಕೊಡುವ ಕಾಗದ ಅದು. "ಸುಮ್ನೆ ಒಂದು ಸಹಿ ಹಾಕೇ, ಗುಬ್ಬಿ. ನಿನ್ನ ಇಂಗ್ಲಿಷ್ ಕಾದಂಬರಿ ಹುಡುಗೀರೂ ಮನೆ ಬಿಟ್ಟು ಮದುವೆ ಆಗಿ ಹೋಗ್ತಾರಲ್ವಾ?" ಎಂದು ನೀನು ನಿನ್ನೆ ನಕ್ಕೆ.

ಹೋಗುತ್ತಾರೆ, ನಿಜ. ಆ ಹಳೆಯ ಕಥೆಗಳಲ್ಲಿ ಮನೆ ಯಾರೋ ದೂರದ ಗಂಡು ನೆಂಟನ ಪಾಲಾಗುವಾಗ ಹೆಣ್ಣುಮಕ್ಕಳ ಸಹಿಯನ್ನು ಯಾರೂ ಕೇಳುವುದಿಲ್ಲ. ಅದು ಬೇಕಾಗುವುದೇ ಇಲ್ಲ. ನನ್ನದು ಬೇಕಾಗಿದೆ! ಇದು ಹೊಳೆದ ಖುಷಿಗೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಹಾಗಾಗಿ ಸಹಿ ಹಾಕಿಲ್ಲ. ಮುನಿಸಿಕೊಳ್ಳಬೇಡ. ಕೆಳಗಿನ ಮನೆ ನಿಮಗೇ ಇರಲಿ, ಮಹಡಿಯ ಕೋಣೆಯಿಂದ ಮಾತ್ರ ನಿನ್ನ ಹಳೆಯ ಸೈಕಲ್ ತೆಗೆಸು. ಸೋಮವಾರದಿಂದ ಅಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ. ಮೊದಲು ಹೆಸರು ಬರೆಸಿದವರು ಅತ್ತಿಗೆ.

ನಿನ್ನ ತಂಗಿ,
ಗುಬ್ಬಿ