ಬಲರೆಕ್ಕೆಯ ರಿವೆಟ್

ಮೊಳಕಾಲ್ಮೂರು, ಶುಕ್ರವಾರ

ನೂರ್ ಭಾಯಿಗೆ ತಮ್ಮನ ಹೆಂಡತಿ ಜಬೀನಳ ಸಲಾಂ.

ನಿಮ್ಮ ತಮ್ಮ ಸುಫಿಯಾನ್ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ನಾವು ಮೂವರು ಮನೆಯಲ್ಲೇ ಕಟ್ಟಿ ಅವರು ಹಾರಿಸಿದ ವಿಮಾನ ತಳಕು ಊರಿನ ಬಯಲಿನಲ್ಲಿ ಬಿದ್ದದ್ದು ತಮ್ಮದೇ ತಪ್ಪಿನಿಂದ ಎಂದು ನಂಬಿದ್ದಾರೆ.

ನಿನ್ನೆ ನಾನು ಮುರಿದ ರೆಕ್ಕೆಗಳನ್ನು ನೋಡಿದೆ. ನಾನು ಬಡಿದ ಎಡರೆಕ್ಕೆಯಲ್ಲಿ ತಗಡು ಜೋಡಿಸುವ ಒಂದು ರಿವೆಟ್ಟೂ ಕಿತ್ತುಬಂದಿಲ್ಲ. ನೀವು ಬಡಿದ ಬಲರೆಕ್ಕೆಯಲ್ಲಿ ಸಾಲಿಗೆ ಸಾಲೇ ತುಂಡಾಗಿದೆ. ತುಂಡುಗಳ ಮೇಲೆ ಒಲೆಯ ಮಸಿ ಇದೆ.

"ಈ ರಿವೆಟ್ ಬಲು ಗಟ್ಟಿ ಐತೆ. ಲಾರಿ ಬಾಡಿ ಕಟ್ಟೋವಾಗ ಮಾಡ್ದಂಗೆ ಕಾಯ್ಸಿ ಬಡಿದ್ರೆ ಬೆಣ್ಣೆ ಆಗ್ತದೆ" ಎಂದು ನೀವು ಅಂದಿದ್ದಿರಿ. "ಬ್ಯಾಡ ಭಾಯಿ, ಕಾಯ್ಸಿದ್ರೆ ಅದರ ಶಕ್ತಿನೇ ಹೋಗ್ತದೆ" ಎಂದು ಅವರು ಬೇಡಿಕೊಂಡಿದ್ದರು. ನೀವು ಹೂಂ ಅಂದಿರಿ.

ಅವರಿಗೆ ನಾನಿನ್ನೂ ಹೇಳಿಲ್ಲ. ಈ ಕಾಗದ ಸಿಕ್ಕ ಮರುದಿನದಿಂದ ದಿನವೂ ಚಳ್ಳಕೆರೆಯಿಂದ ಹೊರಡುವ ಮೊದಲ ಬಸ್ಸಿಗೆ ಬನ್ನಿ. ಅವರ ಹೇಲುಚ್ಚೆ ತೆಗೆದು, ಮೈ ತೊಳೆದು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿ. ಸೋಪು ನೀವೇ ತನ್ನಿ. "ನಮ್ ಭಾಯಿ ಕೈ ಬಂಗಾರ" ಎಂದು ಅವರು ಹೊಗಳುವಾಗ ಸುಮ್ಮನೆ ಕೇಳಿಸಿಕೊಳ್ಳಿ.

ಮಸಿ ಹಿಡಿದ ಒಂದು ರಿವೆಟ್ ತುಂಡು ನನ್ನ ಸೆರಗಿನ ಗಂಟಿನಲ್ಲಿದೆ. ನೀವು ಬಾರದ ದಿನ ಅದನ್ನು ಅವರ ಅಂಗೈಯಲ್ಲಿಡುತ್ತೇನೆ.

ನಿಮ್ಮ ದಾರಿ ನೋಡುತ್ತಿರುವ,
ಜಬೀನ್